ಪತ್ತಾರನ ಉಸಿರು

ಕ್ಯಾನ್ಸರ್ ಎಂದು ತಿಳಿದ ದಿನ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಪುಣೆಯ ಬಿಬವೇವಾಡಿಯ ಎದೆರೋಗದ ಡಾಕ್ಟರರು ನನ್ನ ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಎಷ್ಟು ವರ್ಷದಿಂದ ಸಿಗರೇಟು ಸೇದುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ಸೇದಿಲ್ಲ ಎಂದೆ. ಬೀಡಿ? ಅದೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು. ಅರವತ್ತೊಂದು ವರ್ಷದ ಗಂಡಸು ಹೆಂಡತಿಯ ಎದುರು ನಿಜ ಹೇಳಲಿಕ್ಕಿಲ್ಲ ಎಂದುಕೊಂಡರೋ ಏನೋ, ಸರೋಜಾಳನ್ನು ಹೊರಗೆ ಕೂರಲು ಹೇಳಿ ಮೂರನೇ ಸಲ ಕೇಳಿದರು. ಆಗ ನನ್ನ ತಲೆ ಕೆಟ್ಟಿತು. "ನಿಮ್ಮ ಫಿಲ್ಮೇ ಬೇರೆಯವರದು ಇರಬೇಕು, ಹೆಸರು ನೋಡಿ" ಎಂದು ಜಗಳಕ್ಕೆ ನಿಂತೆ. ಅವರು ಹೆಸರು ನೋಡಿದರು. ನನ್ನದೇ ಇತ್ತು.

ಹೊರಗೆ ಬಂದಾಗ ಸರೋಜಾ ಬಾಗಿಲಿಗೆ ಆತುಕೊಂಡೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಅದು ಹೆಂಗ ಬರ್ತದ್ರಿ?" ಎಂದಳು. "ಏನೂ ಮಾಡಲಾರ್ದ ಹೆಂಗ ಬರ್ತದ?" ಈ ರೋಗ ಬಂದ ಎಲ್ಲರೂ ಈ ಪ್ರಶ್ನೆಯ ಜೊತೆ ಸ್ವಲ್ಪ ದಿನ ಗುದ್ದಾಡುತ್ತಾರೆ, ಆಮೇಲೆ ಕೈ ಚೆಲ್ಲುತ್ತಾರೆ ಎಂದು ಮುಂದೆ ಆಸ್ಪತ್ರೆಯ ಬೆಂಚುಗಳ ಮೇಲೆ ಕೂತು ಕೂತು ತಿಳಿದುಕೊಂಡೆ. ನೀವೂ ಆ ಬೆಂಚಿನ ಮೇಲೆ ಕೂತವರಾದರೆ, ನಿಮ್ಮ ಪಕ್ಕದಲ್ಲಿ ನಾನೂ ಇದ್ದೆ ಎಂದು ತಿಳಿಯಿರಿ. ಇದನ್ನು ಬರೆಯುತ್ತಿರುವುದು ಅಷ್ಟಕ್ಕೇ.

ನಾನು ಕಾಳಪ್ಪ, ಪತ್ತಾರ, ಅಂದರೆ ಅಕ್ಕಸಾಲಿಗ. ಬಾಗಲಕೋಟೆ ಕಡೆಯವರು ನಾವು. ನಾನು ಹತ್ತು ವರ್ಷದವನಿದ್ದಾಗ ಅಪ್ಪ ಪುಣೆಗೆ ಕರೆದುಕೊಂಡು ಬಂದ, ಅಂದಿನಿಂದ ಇಲ್ಲೇ. ಮಾರುಕಟ್ಟೆಯ ಗಲ್ಲಿಯಲ್ಲಿ ಎರಡು ಜನ ಕೂತರೆ ಮೂರನೆಯವರು ನಿಲ್ಲಬೇಕಾದ ಅಂಗಡಿ ನಮ್ಮದು. ಮರಾಠಿ ಹೆಂಗಸರ ಮುತ್ತಿನ ನತ್ತು ಮಾಡುವುದರಲ್ಲಿ ನನ್ನ ಹೆಸರು ಸ್ವಲ್ಪ ದೊಡ್ಡದು. ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕುವಾಗ ಈಗಿನವರು ಗ್ಯಾಸಿನ ಟಾರ್ಚ್ ಹಿಡಿಯುತ್ತಾರೆ. ನಾನು ಅಪ್ಪ ಕಲಿಸಿದ ಊದುಗೊಳವೆಯನ್ನು ಬಿಟ್ಟಿರಲಿಲ್ಲ. ದೀಪದ ಕುಡಿಯ ಮುಂದೆ ಹಿತ್ತಾಳೆಯ ಕೊಳವೆ ಹಿಡಿದು ಊದಿದರೆ ಜ್ವಾಲೆ ಸೂಜಿಯ ಹಾಗೆ ಚೂಪಾಗಿ ಹೋಗಿ ಬೇಕಾದಲ್ಲೇ ತಾಗುತ್ತದೆ. ನಡುವೆ ಒಂದು ಕ್ಷಣ ನಿಂತರೂ ಕೆಲಸ ಕೆಟ್ಟಿತು. ಅದಕ್ಕೇ ಗಲ್ಲದಲ್ಲಿ ಗಾಳಿ ತುಂಬಿಟ್ಟುಕೊಂಡು ಅದನ್ನು ಬಾಯಿಂದ ಬಿಡುತ್ತಲೇ ಮೂಗಿನಿಂದ ಚೂರು ಚೂರೇ ಉಸಿರೆಳೆಯಬೇಕು. ಎದೆ ಏರಬಾರದು, ಹೊಟ್ಟೆ ಕದಲಬಾರದು. ಸಾಸಿವೆಗಿಂತ ಸಣ್ಣ ಬೆಸುಗೆಯ ಚೂರು ಎದೆ ಏರಿದ ರಭಸಕ್ಕೇ ಹಾರಿಹೋಗುತ್ತದೆ. "ಅಲುಗಬ್ಯಾಡ" ಎಂಬ ಮಾತನ್ನು ಅಪ್ಪನ ಬಾಯಿಂದ ನಾನು ಕೇಳಿದಷ್ಟು ಸಲ ನನ್ನ ಹೆಸರನ್ನೂ ಕೇಳಿರಲಿಕ್ಕಿಲ್ಲ.

ಇಂಥ ಉಸಿರಿನವನಿಗೆ ಶ್ವಾಸಕೋಶದಲ್ಲಿ ಗಡ್ಡೆ. ಎಡಗಡೆ, ಕೆಳಗೆ, ಹೃದಯಕ್ಕೆ ಒರಗಿಕೊಂಡ ಹಾಗೆ. ಎರಡು ತಿಂಗಳಿಂದ ಕೆಮ್ಮು ಇತ್ತು ನಿಜ. ಕಾತ್ರಜದ ರಸ್ತೆಯ ಧೂಳಿರಬೇಕು ಎಂದು ಕಷಾಯ ಕುಡಿದುಕೊಂಡಿದ್ದೆ.

ಮುಂದಿನ ದಿನಗಳಲ್ಲಿ ಒಂದೊಂದೇ ಬಾಗಿಲು ಮುಚ್ಚುತ್ತಾ ಹೋಯಿತು. ನನಗೆ ಹಿಂದೆ ಹೃದಯದ ಬೈಪಾಸ್ ಆಗಿತ್ತು, ಹಾಗಾಗಿ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ ಎಂದರು. ಸಾಮಾನ್ಯ ರೇಡಿಯೇಷನ್ ಗಡ್ಡೆಯನ್ನು ದಾಟಿ ಆಚೆಗೂ ಹೋಗುತ್ತದಂತೆ, ಆಚೆ ಇರುವುದು ಹೃದಯ. ಮೊದಲೇ ತೇಪೆ ಹಾಕಿದ ಹೃದಯ ಅದನ್ನು ತಡೆದುಕೊಳ್ಳುವುದು ಕಷ್ಟ ಎಂದರು. ಉಳಿದದ್ದು ಪ್ರೋಟಾನ್. ಆ ಕಿರಣ ಹೇಳಿದಷ್ಟು ಆಳಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತದೆ, ಮುಂದೆ ಹೋಗುವುದಿಲ್ಲ. ಕೋಥರೂಡದಲ್ಲಿರುವ ಮಗಳು ವೀಣಾ ನಾಲ್ಕು ದಿನ ಫೋನಿನ ಮೇಲೆ ಫೋನು ಮಾಡಿ, ಲೋಣಾವಳಾದ ಘಾಟ್ ಇಳಿದ ಮೇಲೆ ಸಿಗುವ ಒಂದು ಆಸ್ಪತ್ರೆಯಲ್ಲಿ ಆ ಯಂತ್ರವಿದೆ ಎಂದು ಪತ್ತೆ ಹಚ್ಚಿ, ತನ್ನ ಕಾರಿನಲ್ಲೇ ನಮ್ಮನ್ನು ಕರೆದುಕೊಂಡು ಹೋದಳು.

ಅಲ್ಲಿಯ ಕಾಯುವ ಕೋಣೆಯಲ್ಲಿ ಮೊದಲ ದಿನ ನನ್ನ ಪಕ್ಕ ಒಬ್ಬ ಮುದುಕಿ ಕೂತಿದ್ದಳು. ತಲೆಗೆ ಹಸಿರು ಬಟ್ಟೆ ಸುತ್ತಿಕೊಂಡಿದ್ದಳು. ಏನೂ ಕೇಳದೆ ಚೀಲದಿಂದ ಪೇರಲ ಹಣ್ಣು ತೆಗೆದು, ಅರ್ಧ ಮುರಿದು ನನ್ನ ಅಂಗೈಯಲ್ಲಿಟ್ಟು, "ಖಾ, ಬಾಳಾ" ಎಂದಳು. ತಿನ್ನು ಮಗಾ ಎಂದು. ಅರವತ್ತೊಂದರ ನನಗೆ ಮಗಾ. ಕಾಯಿಲೆ ಬಂದ ಮೇಲೆ ಮೊದಲ ಸಲ ಅತ್ತದ್ದು ಆವತ್ತು, ಪೇರಲ ಅಗಿಯುತ್ತಾ.

ಆ ದಿನವೇ ನನ್ನ ವಿಶೇಷ ಸ್ಕ್ಯಾನ್. ಉಸಿರಾಡುವಾಗ ಗಡ್ಡೆ ಎಷ್ಟು ಮೇಲೆ ಕೆಳಗೆ ಹೋಗುತ್ತದೆ ಎಂದು ನೋಡುವ ಸ್ಕ್ಯಾನ್. ಗಡ್ಡೆ ಓಡಾಡುತ್ತದೆ ಎಂಬುದೇ ನನಗೆ ಹೊಸದು. ಅದು ಒಂದು ಕಡೆ ಕಲ್ಲಿನ ಹಾಗೆ ಕೂತಿದೆ ಎಂದು ನಾನು ತಿಳಿದಿದ್ದೆ. ಯಂತ್ರ ನಡೆಸುವ ತೇಜಶ್ರೀ ಎಂಬ ಮರಾಠಿ ಹುಡುಗಿ ನನ್ನ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಸಿ ಮಲಗಿಸಿದಳು. ಹೊಟ್ಟೆಗೆ ಒಂದು ಪಟ್ಟಿ ಬಿಗಿದು, ಕಿವಿಯ ಹತ್ತಿರ ಬಗ್ಗಿ ಎರಡು ಮಾತು ಹೇಳಿದಳು. "ಕಾಕಾ, ನೇಹಮೀಸಾರಖಾ ಶ್ವಾಸ ಘ್ಯಾ." ಯಾವಾಗಲಿನ ಹಾಗೆ ಉಸಿರಾಡಿ ಎಂದು. ಆಮೇಲೆ, "ಅಜಿಬಾತ್ ಹಲಾಯಚಂ ನಾಹೀ." ಒಂದಿಷ್ಟೂ ಅಲುಗಾಡಬಾರದು ಎಂದು.

ಎರಡನೇ ಮಾತು ನನ್ನ ಮೈಗೆ ತಾಗಿತು, ಮೊದಲನೆಯದು ಹಾರಿಹೋಯಿತು. ಅಲುಗಬಾರದು ಎಂದರೆ ಪತ್ತಾರನ ಎದೆಗೆ ಒಂದೇ ಅರ್ಥ. ನನಗೆ ಗೊತ್ತಿಲ್ಲದ ಹಾಗೆಯೇ ಗಲ್ಲ ಸ್ವಲ್ಪ ಉಬ್ಬಿತು, ಮೂಗು ಚೂರು ಚೂರು ಗಾಳಿ ಎಳೆಯಲು ಶುರು ಮಾಡಿತು, ಎದೆ ಹೊಟ್ಟೆ ಎರಡೂ ನಿಂತಂತೆ ನಿಂತವು. ಶುರುವಾದದ್ದು ಗೊತ್ತಿಲ್ಲದೆ, ಆದರೆ ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಇವರಿಗೂ ಒಂದು ಸಲ ಕಾಳಪ್ಪನ ಕೈಚಳಕ ತಿಳಿಯಲಿ ಎಂಬ ಹಮ್ಮು ಒಳಗೊಳಗೇ ಎದ್ದಿತ್ತು. ಸ್ಕ್ಯಾನ್ ಮುಗಿಸಿ ಬಂದ ತೇಜಶ್ರೀ, "ಏಕ ನಂಬರ, ಕಾಕಾ! ಇಷ್ಟು ಸಮವಾದ ಉಸಿರು ನಾನು ನೋಡೇ ಇಲ್ಲ. ನಿಮ್ಮ ಉಸಿರು ಯಾವಾಗಲೂ ಹೀಗೇನಾ?" ಎಂದು ಕೇಳಿದಳು.

"ಹೋ," ಎಂದೆ. ಹೌದು, ಯಾವಾಗಲೂ ಹೀಗೇ. ಆ ಒಂದು ಅಕ್ಷರವನ್ನು ನಾನು ಬದುಕಿರುವವರೆಗೂ ಮರೆಯಲಾರೆ.

ಗಡ್ಡೆ ಹೆಚ್ಚು ಕದಲುತ್ತಿಲ್ಲ, ಒಳ್ಳೆಯದಾಯಿತು ಎಂದು ಡಾಕ್ಟರರು ಖುಷಿಪಟ್ಟರು. ಸರೋಜಾ ಗಲ್ಲಿಯ ಮಾರುತಿಗೆ ತೆಂಗಿನಕಾಯಿ ಒಡೆದಳು. ನಾನು ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ, "ಅಷ್ಟ್ ದೊಡ್ಡ ಮಿಷಿನ್ನ ನಮ್ಮ ಉಸುರಿಗೆ ಸಲಾಮ್ ಹೊಡೀತ್ರಿ" ಎಂದು ಕೊಚ್ಚಿಕೊಂಡೆ. ಚಿಕಿತ್ಸೆಯ ಲೆಕ್ಕಾಚಾರಕ್ಕೆ ಅವರಿಗೆ ಹತ್ತು ಹನ್ನೆರಡು ದಿನ ಬೇಕಿತ್ತು.

ಚಿಕಿತ್ಸೆಯ ಮೊದಲ ದಿನ ಬೆಳಿಗ್ಗೆ ನಾನು ಆ ದೊಡ್ಡ ಬಿಳಿ ಕೋಣೆಯ ಮಂಚದ ಮೇಲೆ ಮಲಗಿದಾಗ ಹೆದರಿಕೆಯಿಂದ ನನ್ನ ಕೈಚಳಕವೆಲ್ಲ ಮರೆತುಹೋಗಿತ್ತು. ಸುಮ್ಮನೆ ಉಸಿರಾಡುತ್ತಾ ಬಿದ್ದಿದ್ದೆ. ಕಿರಣ ಬಿಡುವ ಮುಂಚೆ ಒಂದು ಪರೀಕ್ಷೆಯ ಚಿತ್ರ ತೆಗೆಯುತ್ತಾರೆ. ತೆಗೆದರು. ಆಮೇಲೆ ಏನೂ ನಡೆಯಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಗೋಡೆಯ ಆಚೆ ಮೂರ್ನಾಲ್ಕು ಜನ ಗುಸುಗುಸು ಮಾತಾಡುವುದು ಸ್ಪೀಕರಿನಲ್ಲಿ ಅರ್ಧ ಕೇಳಿ ಕಟ್ಟಾಯಿತು. ಬಾಗಿಲು ತೆರೆದು ಫಿಸಿಸಿಸ್ಟ್ ಮೇಡಂ ಬಂದರು. ಕಿರಣ ಎಲ್ಲಿ ಎಷ್ಟು ಹೋಗಬೇಕು ಎಂದು ಲೆಕ್ಕ ಹಾಕುವವರು ಅವರೇ. ಚೈತ್ರಾ ಎಂದು ಹೆಸರು, ತುಮಕೂರಿನವರು. ಅಲ್ಲಿಯವರೆಗೆ ನಮ್ಮ ಕನ್ನಡ ಕೇಳಿ ನಗುತ್ತಿದ್ದವರ ಮುಖದಲ್ಲಿ ಆವತ್ತು ನಗುವಿರಲಿಲ್ಲ.

"ಸರ್, ಇವತ್ತು ಟ್ರೀಟ್‌ಮೆಂಟ್ ಕೊಡಲ್ಲ. ಎದ್ದೇಳಿ," ಎಂದರು.

ಅವರ ಕೋಣೆಯಲ್ಲಿ ಸರೋಜಾ, ವೀಣಾ, ನಾನು ಮೂವರೂ ಕೂತೆವು. ಚೈತ್ರಾ ಕಂಪ್ಯೂಟರಿನಲ್ಲಿ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು. ಒಂದು ಹಳೆಯ ಸ್ಕ್ಯಾನಿನದು, ಅದರಲ್ಲಿ ಗಡ್ಡೆ ನಡುಗಿದಂತೆ ಅಷ್ಟೇ ಕಾಣುತ್ತಿತ್ತು. ಇನ್ನೊಂದು ಆವತ್ತಿನದು. ಗಡ್ಡೆ ಅಲ್ಲಿ ಇರಲೇ ಇಲ್ಲ. ಬೆರಳಿನ ಒಂದು ಗೆಣ್ಣಿನಷ್ಟು ಕೆಳಗಿತ್ತು.

"ಅವತ್ತು ನೀವು ಹೇಗೆ ಬ್ರೀದ್ ಮಾಡ್ತಿದ್ರಿ ಸರ್? ನಿಜ ಹೇಳಿ. ಏನಾದ್ರೂ ಡಿಫರೆಂಟಾಗಿ ಮಾಡಿದ್ರಾ?"

ಸರೋಜಾ ನನ್ನ ಮುಖ ನೋಡಿದಳು. ಅವಳಿಗೆ ಅಷ್ಟು ಸಾಕು. "ನೀವು ಅಂಗಡ್ಯಾಗ ಊದೂ ಹಂಗ ಉಸುರ ಹಿಡಿದ್ರೆನ?" ಎಂದಳು.

ತಲೆ ಆಡಿಸಿದೆ. ಚೈತ್ರಾಗೆ ಅರ್ಥವಾಗಲಿಲ್ಲ. ಸರೋಜಾಳೇ ಗಲ್ಲ ಉಬ್ಬಿಸಿ, ಕೈಯಲ್ಲಿ ಕೊಳವೆ ಹಿಡಿದ ಹಾಗೆ ಮಾಡಿ ತೋರಿಸಿದಳು. ಬೇರೆ ಹೊತ್ತಿನಲ್ಲಾಗಿದ್ದರೆ ನಾವೆಲ್ಲ ನಕ್ಕುಬಿಡುತ್ತಿದ್ದೆವು. ಚೈತ್ರಾ ಕುರ್ಚಿಗೆ ಒರಗಿ, ಎರಡೂ ಕೈಗಳಿಂದ ಮುಖ ಉಜ್ಜಿಕೊಂಡರು. ವೀಣಾ ಸಣ್ಣ ದನಿಯಲ್ಲಿ, ಚಿತ್ರ ತೆಗೆಯದೆ ಹಾಗೇ ಕಿರಣ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿದಳು.

"ಚೆಕ್ ಮಾಡ್ದೆ ನಾವು ಬಿಡಲ್ಲ," ಎಂದರು ಅವರು. "ಆದ್ರೂ ಕೇಳಿದ್ರಿ ಅಂತ ಹೇಳ್ತೀನಿ. ಬೀಮ್ ಗಡ್ಡೇಲಿ ಬಂದು ನಿಲ್ಲಬೇಕು. ಗಡ್ಡೆನೇ ಅಲ್ಲಿಲ್ಲ ಅಂದ್ರೆ, ಅಲ್ಲಿರೋದು ಬರೀ ಗಾಳಿ ತುಂಬಿದ ಲಂಗ್. ಅದು ತಡೆಯಲ್ಲ. ಬೀಮ್ ಮುಂದಕ್ಕೆ ಹೋಗಿ ಹಾರ್ಟಲ್ಲಿ ನಿಲ್ಲುತ್ತೆ."

ಕ್ಯಾನ್ಸರ್ ಎಂದಾಗ ಆಗದ ಆಘಾತ ಅದು. ಕ್ಯಾನ್ಸರನ್ನು ನಾನು ಮಾಡಿಕೊಂಡಿರಲಿಲ್ಲ. ಇದನ್ನು ನಾನೇ ಮಾಡಿದ್ದೆ, ಅದೂ ಶಾಬಾಸ್ಗಿರಿಗೆ ಬಾಯಿ ಬಿಟ್ಟು. ಯಾವ ಹೃದಯ ಉಳಿಸಲಿಕ್ಕೆ ಇಷ್ಟೆಲ್ಲ ಒದ್ದಾಟವೋ ಅದರ ಎದುರಿಗೇ ಕಿರಣವನ್ನು ತಂದು ನಿಲ್ಲಿಸಿದ್ದೆ.

ಆವತ್ತೇ ಕಾರಿನಲ್ಲಿ ಪುಣೆಗೆ ವಾಪಸು ಹೊರಟೆವು. ಲೋಣಾವಳಾ ದಾಟಿದ ಮೇಲೆ ಸರೋಜಾ ಹಿಂದಿನ ಸೀಟಿನಿಂದ, "ಗಿರಾಕಿಗೋಳ ಮುಂದ ದೌಲತ್ತು ತೋರ್ಸೂದು ಸಾಕಾಗ್ಲಿಲ್ಲೇನ್ರಿ ನಿಮಗ? ಸಾಯೂ ಹೊತ್ತಿನ್ಯಾಗ ಮಿಷಿನ್ ಮುಂದೂ ತೋರ್ಸಾಕ ಹೋದ್ರಿ?" ಎಂದಳು. ಎಂದವಳೇ ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿ, ಸೆರಗು ಬಾಯಿಗೆ ಒತ್ತಿಕೊಂಡಳು. ವೀಣಾ ಕಾರನ್ನು ಬದಿಗೆ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟುಕೊಂಡು ಅತ್ತಳು. ನಾನು ಕಿಟಕಿಯ ಆಚೆ ನೋಡುತ್ತಾ ಕೂತೆ. ಏನೆಂದು ಸಮಾಧಾನ ಮಾಡಲಿ, ತಪ್ಪೇ ನನ್ನದು.

ಎರಡು ದಿನ ಬಿಟ್ಟು ಹೊಸ ಸ್ಕ್ಯಾನಿಗೆ ಕರೆದರು. ಈ ಸಲದ ಯೋಜನೆ ಬೇರೆ. ನನ್ನ ನಿಜವಾದ ಉಸಿರಿಗೆ ಗಡ್ಡೆ ತುಂಬ ಕದಲುತ್ತದೆ, ಆದ್ದರಿಂದ ಉಸಿರು ಪೂರ್ತಿ ಹೊರಗೆ ಹೋಗಿ ಗಡ್ಡೆ ತನ್ನ ಜಾಗಕ್ಕೆ ಬಂದ ಆ ಒಂದು ಗಳಿಗೆಯಲ್ಲಿ ಮಾತ್ರ ಕಿರಣ ಹತ್ತುತ್ತದೆ, ಉಸಿರೆಳೆದಾಗ ಆರುತ್ತದೆ. ಮತ್ತೆ ಬಿಟ್ಟಾಗ ಹತ್ತುತ್ತದೆ. ನಾನು ಮಾಡಬೇಕಾದದ್ದು ಇಷ್ಟೇ, ಯಾವಾಗಲಿನ ಹಾಗೆ ಉಸಿರಾಡುವುದು. ಒಂದು ಉಸಿರಿನ ಹಾಗೆ ಇನ್ನೊಂದು.

ಆಗಲಿಲ್ಲ. ಮಲಗಿ, ಸಹಜವಾಗಿ ಉಸಿರಾಡು ಎಂದು ನನಗೆ ನಾನೇ ಹೇಳಿಕೊಂಡ ತಕ್ಷಣ ಸಹಜ ಎನ್ನುವುದು ಮಾಯವಾಯಿತು. ಒಂದು ಉಸಿರು ಉದ್ದ, ಒಂದು ಗಿಡ್ಡ, ಇನ್ನೊಂದು ನಡುವಿನಲ್ಲೇ ಸಿಕ್ಕಿಕೊಂಡಿತು. ಭಯವಾದರೆ ಪತ್ತಾರನ ಉಸಿರು ತಾನಾಗಿ ನುಗ್ಗಿ ಬರುತ್ತಿತ್ತು. ಅದನ್ನು ಒದ್ದು ಓಡಿಸಿದರೆ ಏದುಸಿರು. ತೇಜಶ್ರೀ ಎಷ್ಟು ತಾಳ್ಮೆಯಿಂದ ಹೇಳಿದರೂ ಪರದೆಯ ಮೇಲಿನ ಗೆರೆ ಅಡ್ಡಾದಿಡ್ಡಿ ಓಡಿತು. ಮುಕ್ಕಾಲು ಗಂಟೆಯ ಮೇಲೆ ನಿಲ್ಲಿಸಿದರು.

ಹಿರಿಯ ಡಾಕ್ಟರರು ನಮ್ಮನ್ನು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು. ಇನ್ನೊಂದು ವಾರ ಕೊಡುತ್ತೇವೆ. ಅಷ್ಟರಲ್ಲೂ ಉಸಿರು ಹಳಿಗೆ ಬರದಿದ್ದರೆ ಪ್ರೋಟಾನ್ ನಿಮಗೆ ಸುರಕ್ಷಿತವಲ್ಲ. ಗಡ್ಡೆ ನಮಗಾಗಿ ಕಾಯುವುದಿಲ್ಲ, ಬೇರೆ ದಾರಿ ಹಿಡಿಯಬೇಕಾಗುತ್ತದೆ. ಬೇರೆ ದಾರಿ ಎಂದರೆ ಯಾವುದು, ಅದು ನನ್ನ ಹೃದಯಕ್ಕೆ ಏನು ಮಾಡುತ್ತದೆ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆ ವಾರದಷ್ಟು ಉದ್ದನೆಯ ವಾರ ನನ್ನ ಬದುಕಿನಲ್ಲಿ ಬಂದಿಲ್ಲ. ಬಿಬವೇವಾಡಿಯ ಮನೆಯ ಹಾಲಿನಲ್ಲಿ ಚಾಪೆ ಹಾಸಿ, ಆಸ್ಪತ್ರೆಯವರು ಹೇಳಿದ ಹಾಗೆ ಹೊಟ್ಟೆಯ ಮೇಲೆ ಒಂದು ಖಾಲಿ ಡಬ್ಬಿ ಇಟ್ಟುಕೊಂಡು ಮಲಗುತ್ತಿದ್ದೆ. ಡಬ್ಬಿ ಒಂದೇ ಸಮನೆ ಏರಿಳಿಯಬೇಕು. ಅದು ನನ್ನ ಮಾತು ಕೇಳುತ್ತಿರಲಿಲ್ಲ. ಐವತ್ತು ವರ್ಷ ಉಸಿರನ್ನು ಬೆರಳತುದಿಯಲ್ಲಿ ಆಡಿಸಿದವನಿಗೆ ಕೂಸಿಗೂ ಬರುವ ಉಸಿರು ಬರಲಿಲ್ಲ. ಅವಮಾನ, ಭಯ, ಎರಡೂ. ಮೂರನೇ ದಿನ ಡಬ್ಬಿಯನ್ನು ಗೋಡೆಗೆ ಎಸೆದೆ. ಶಬ್ದ ಕೇಳಿ, ನಾವು ಕಾಕು ಎಂದು ಕರೆಯುವ ಪಕ್ಕದ ಮನೆಯ ಹೆಂಗಸು, ಏನಾಯಿತು ಎಂದು ಓಡಿ ಬಂದರು.

ಐದನೇ ದಿನ ಮಧ್ಯಾಹ್ನ ವೀಣಾ ಬಂದಿದ್ದಳು. ನಾನು ಸೋತು ಚಾಪೆಯ ಮೇಲೆ ಬಿದ್ದಿದ್ದೆ. ಸರೋಜಾ ಪಕ್ಕದಲ್ಲೇ ಕೂತು ಹಸಿ ಬಟಾಣಿ ಸುಲಿಯುತ್ತಾ ತನ್ನ ಎಂದಿನ ಮಾತು ಹಚ್ಚಿಕೊಂಡಿದ್ದಳು. ಅವಳ ಮಾತು ಎಂದರೆ ಅದಕ್ಕೆ ತುದಿ ಮೊದಲಿಲ್ಲ. ಅಂಗಡಿಗೆ ಊಟದ ಡಬ್ಬಿ ತಂದಾಗಲೂ ಹೀಗೇ. ನಾನು ಕೆಲಸಕ್ಕೆ ಬಗ್ಗಿರುವಾಗಲೇ ಬೇಕಂತ ಏನಾದರೂ ಕೇಳುವವಳು, "ಬಾಯಿ ಮುಚ್ಚಗೊಂಡು ಕುಂದ್ರು" ಎಂದು ನನ್ನಿಂದ ಬೈಸಿಕೊಳ್ಳುವವಳು. ಆ ಹೊತ್ತು ಅವಳು ಸೊಸೈಟಿಯ ನೀರಿನ ಟಾಕಿ, ಗಿರಣಿಯವನು ಜೋಳದ ಹಿಟ್ಟು ದಪ್ಪ ಬೀಸಿಕೊಟ್ಟದ್ದು, ತನ್ನ ತಂಗಿಯ ಬೀಗರು, ಹೀಗೆ ಒಂದರಿಂದ ಒಂದಕ್ಕೆ ಜಿಗಿಯುತ್ತಿದ್ದಳು. ನಾನು ಹೂಂ ಹೂಂ ಎನ್ನುತ್ತಿದ್ದೆ.

"ಅಪ್ಪಾ, ಅಲುಗಬ್ಯಾಡ್ರಿ. ಅಲ್ಲಲ್ಲ, ಅಲುಗ್ರಿ. ಅಂದ್ರ ಹೆಂಗದೀರೋ ಹಂಗ ಇರ್ರಿ!" ಎಂದು ವೀಣಾ ಒಮ್ಮೆಲೇ ಕೂಗಿದಳು.

ನನ್ನ ಹೊಟ್ಟೆ ಕಡೆ ಬೆರಳು ತೋರಿಸುತ್ತಿದ್ದಳು. ಅದು ಏರುತ್ತಿತ್ತು, ಇಳಿಯುತ್ತಿತ್ತು, ಒಂದರ ಹಾಗೆ ಒಂದು. ನಾನು ನೋಡಿದ ತಕ್ಷಣ ಕೆಟ್ಟಿತು. ಆದರೆ ಸರೋಜಾ ಮತ್ತೆ ಬೀಗರ ಕತೆಗೆ ಹೋದಳು, ನಾನು ಮತ್ತೆ ಹೂಂ ಎಂದೆ, ಎರಡೇ ನಿಮಿಷಕ್ಕೆ ಸರಿಹೋಯಿತು.

ಮರುದಿನ ವೀಣಾ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಅಮ್ಮನ ಮಾತನ್ನು ರೆಕಾರ್ಡ್ ಮಾಡಿಕೊಂಡಳು. ನನ್ನನ್ನು ಅಂಗಡಿಗೆ ಅಟ್ಟಿದ್ದರು. ಚೈತ್ರಾಗೆ ಫೋನು ಮಾಡಿ, ಅಲ್ಲಿ ಹಾಡು ಹಾಕುವ ಸ್ಪೀಕರಿನಲ್ಲಿ ಇದನ್ನು ಹಾಕಬಹುದೇ ಎಂದು ಕೇಳಿದಳು. "ಅಮ್ಮನ ಮಾತಾ? ಯಾಕಾಗಬಾರದು, ಹಾಕೋಣ," ಎಂದು ಅವರು ಎಷ್ಟೋ ದಿನದ ಮೇಲೆ ಮತ್ತೆ ನಕ್ಕರು.

ಹೀಗೆ ದೇಶದಲ್ಲೇ ಬೆರಳೆಣಿಕೆಯಷ್ಟಿರುವ ಆ ಯಂತ್ರದ ಕೋಣೆಯಲ್ಲಿ ಸರೋಜಾಳ ದನಿ ಮೊಳಗಿತು. "ಏನ್ ಮಾತಾಡ್ಲಿ ನಾ? ಮಾತು ಬಾ ಅಂದ್ರ ಬರ್ತಾವೇನವ್ವ?" ಎಂದು ಶುರು. ಹಿಂದೆ ಕುಕ್ಕರಿನ ಸೀಟಿ, ಕೆಳಗೆ ಗಲ್ಲಿಯಲ್ಲಿ ಮೆಂತ್ಯ ಮಾರುವವನು ಮರಾಠಿಯಲ್ಲಿ ಕೂಗುವುದು. ಆಮೇಲೆ ಗಿರಣಿಯವನ ಮೇಲೆ ದೂರು, ನನ್ನ ಮೇಲೆ ಅದಕ್ಕಿಂತ ದೊಡ್ಡ ದೂರು. ನಾನು ಕೈ ಮೇಲೆತ್ತಿ ಮಲಗಿ ಒಳಗೊಳಗೇ ಹೂಂ ಎನ್ನುತ್ತಾ ಹೋದೆ. ಉಸಿರು ತನ್ನ ಪಾಡಿಗೆ ತಾನಿತ್ತು. ತೇಜಶ್ರೀಗೆ ಒಂದು ಅಕ್ಷರ ಕನ್ನಡ ಬರುವುದಿಲ್ಲ, ಆದರೂ ಗಿರಣಿಯವನು ಬಂದ ಕೂಡಲೇ ಅವಳು ನಗುವುದು ಸ್ಪೀಕರಿನಲ್ಲಿ ಕೇಳುತ್ತಿತ್ತು.

ಹೊಸ ಸ್ಕ್ಯಾನ್ ಆಯಿತು, ಹೊಸ ಲೆಕ್ಕ ಆಯಿತು, ಚಿಕಿತ್ಸೆ ಶುರುವಾಯಿತು. ಸೋಮವಾರದಿಂದ ಶುಕ್ರವಾರ ಅಲ್ಲೇ ಒಂದು ಬಾಡಿಗೆ ಕೋಣೆಯಲ್ಲಿರುತ್ತಿದ್ದೆವು, ಶನಿವಾರ ಪುಣೆ. ಎಲ್ಲ ಸುಸೂತ್ರವಾಗಿತ್ತು ಎಂದರೆ ಸುಳ್ಳು. ನುಂಗುವಾಗ ಗಂಟಲು ಉರಿಯುತ್ತಿತ್ತು, ಮೈ ಹಿಂಡಿ ಹಾಕಿದಂತಾಗುತ್ತಿತ್ತು, ಮೆಟ್ಟಿಲಿನ ಮೇಲೆ ಕೂತುಬಿಡುತ್ತಿದ್ದೆ. ಪೇರಲ ಕೊಟ್ಟ ಮುದುಕಿಯನ್ನು ಎರಡನೇ ವಾರದ ನಂತರ ನೋಡಲಿಲ್ಲ. ಯಾರನ್ನೂ ಕೇಳಲು ಧೈರ್ಯವಾಗಲಿಲ್ಲ.

ಮುಗಿದು ಈಗ ಒಂದೂವರೆ ವರ್ಷ. ಗಡ್ಡೆ ಇದ್ದ ಜಾಗದಲ್ಲಿ ಒಂದು ಕಲೆಯಿದೆ, ಅದು ಬೆಳೆಯುತ್ತಿಲ್ಲ. ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್, ಪ್ರತಿ ಸ್ಕ್ಯಾನಿನ ಹಿಂದಿನ ವಾರ ಮನೆಯಲ್ಲಿ ಎಲ್ಲರಿಗೂ ಕಾರಣವಿಲ್ಲದ ಜಗಳ. ವಾಸಿಯಾಯಿತು ಎಂಬ ಮಾತನ್ನು ಡಾಕ್ಟರರು ಹೇಳಿಲ್ಲ, ನಾನೂ ಕೇಳಿಲ್ಲ. ನತ್ತಿನ ಕೆಲಸ ಈಗ ಗ್ಯಾಸಿನ ಟಾರ್ಚಿನಲ್ಲೇ ಮಾಡುತ್ತೇನೆ.

ಒಂದು ದಿನದ ಸಂಗತಿ ಮಾತ್ರ ಹೇಳದೆ ಉಳಿದಿದೆ. ಅದನ್ನು ಸರೋಜಾಳಿಗೂ ಹೇಳಿರಲಿಲ್ಲ, ಇದನ್ನು ಓದಿದ ಮೇಲೆ ಅವಳಿಗೆ ಗೊತ್ತಾಗುತ್ತದೆ.

ನಾಲ್ಕನೇ ವಾರ. ಅಲ್ಲಿ ಒಂದೇ ಯಂತ್ರ ಬೇರೆ ಬೇರೆ ಕೋಣೆಗಳಿಗೆ ಸರದಿಯ ಮೇಲೆ ಕಿರಣ ಕಳಿಸುತ್ತದೆ. ಆವತ್ತು ಪಕ್ಕದ ಕೋಣೆಯಲ್ಲಿ ಯಾರಿಗೋ ತಡವಾಯಿತು, ನನ್ನದು ಅರ್ಧಕ್ಕೆ ನಿಂತಿತ್ತು. "ಕಾಕಾ, ಹಾಗೇ ಇರಿ, ನಮ್ಮ ಸರದಿ ಬರುತ್ತದೆ," ಎಂದಳು ತೇಜಶ್ರೀ. ರೆಕಾರ್ಡು ನಡೆದೇ ಇತ್ತು. ದಿನವೂ ಬೀಗರ ಕತೆ ಮುಗಿಯುವುದರೊಳಗೆ ನನ್ನ ಚಿಕಿತ್ಸೆ ಮುಗಿದಿರುತ್ತಿತ್ತು, ಅದರಾಚೆ ಏನಿದೆ ಎಂದು ನಾನು ಕೇಳಿದವನೇ ಅಲ್ಲ. ಆವತ್ತು ಬೀಗರು ಮುಗಿದರು. ಕಿರಣದ ಜೊತೆಗೇ ಹತ್ತಿ ಆರುವ ಎದುರಿನ ಸಣ್ಣ ದೀಪ ಹತ್ತಿತು, ಕಿರಣ ಮತ್ತೆ ಶುರುವಾಯಿತು. ಆಗ ಸ್ಪೀಕರಿನಲ್ಲಿ ಸರೋಜಾ, "ಸಾಕೇನವ್ವ? ಬಂದ್ ಮಾಡು" ಎಂದಳು. ವೀಣಾ ಹೂಂ ಎಂದಳು. ಬಂದ್ ಆಗಿರಲಿಲ್ಲ. ಪಾತ್ರೆಯ ಸದ್ದು, ನಲ್ಲಿಯ ನೀರು. ಆಮೇಲೆ ಮಗಳು, "ಇಷ್ಟ್ ಮಾತು ನಿನಗ ಎಲ್ಲಿಂದ ಬರ್ತಾವಬೇ?" ಎಂದು ನಕ್ಕಳು.

"ನಾ ಮೊದ್ಲ ಹಿಂಗ ಇರ್ಲಿಲ್ಲವ್ವ," ಎಂದಳು ಸರೋಜಾ. "ತವರಮನ್ಯಾಗ ನನಗ ಮೂಕಿ ಅಂತಿದ್ರು. ಮದುವ್ಯಾಗಿ ಹೊಸದಾಗಿ ಬಂದಾಗ ನಿಮ್ಮಪ್ಪ ಕೆಲಸಕ್ಕ ಕುಂತ್ರ ಎದೀನ ಅಲುಗ್ತಿರ್ಲಿಲ್ಲ. ಉಸುರ ಐತೋ ಇಲ್ಲೋ ಅಂತ ಭಾಳ ಅಂಜ್ತಿದ್ನಿ. ಮುಟ್ಟಿದ್ರ ಬೈತಿದ್ರು. ಅದಕ್ಕ ಏನರೆ ಒಂದು ಕೇಳ್ತಿದ್ನಿ. ಉತ್ತರ ಕೊಡಬೇಕಂದ್ರ ಉಸುರ ಬಿಡಬೇಕಲ್ಲ. ಬೈದ್ರೂ ಚಿಂತಿ ಇಲ್ಲ. ಬೈಯಾಕೂ ಉಸುರ ಬೇಕು."

ಎದುರಿನ ದೀಪ ಆರಿತು, ಮತ್ತೆ ಹತ್ತಲಿಲ್ಲ.

ನನ್ನ ಉಸಿರು ಸಿಕ್ಕಿಕೊಂಡಿತ್ತು. ಗಾಳಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಮೂವತ್ತೆಂಟು ವರ್ಷ. ಅಷ್ಟೂ ವರ್ಷ ನಾನು ಅವಳನ್ನು ಬಾಯಿಬಡಕಿ ಎಂದಿದ್ದೆ, ಗಿರಾಕಿಗಳ ಮುಂದೆ ಆಡಿಕೊಂಡು ನಕ್ಕಿದ್ದೆ. ಕಣ್ಣಿನಿಂದ ನೀರು ಕಿವಿಗೆ ಇಳಿಯಿತು. ಕೈಗಳು ತಲೆಯ ಮೇಲಿದ್ದವು, ಒರೆಸಿಕೊಳ್ಳುವ ಹಾಗಿರಲಿಲ್ಲ.

"ಕಾಕಾ, ಗಾಬರಿಯಾಗಬೇಡಿ," ತೇಜಶ್ರೀಯ ದನಿ ಬಂತು. "ನಿಮ್ಮ ಉಸಿರು ತಪ್ಪಿದ್ದಕ್ಕೆ ಕಿರಣ ತಾನೇ ನಿಂತಿದೆ. ಅದು ಕಾಯುತ್ತದೆ. ನಿಮಗೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳಿ. ರೆಕಾರ್ಡು ಬಂದ್ ಮಾಡಲೇ?"

ಬೇಡ ಎಂದೆ. ಸ್ಪೀಕರಿನಲ್ಲಿ ನಲ್ಲಿಯ ನೀರು ನಿಂತಿತು. ಸರೋಜಾ ಮಗಳಿಗೆ, "ಹೋಗ್ಲಿ ಬಿಡು. ರಾತ್ರಿ ಊಟಕ್ಕ ಏನ್ ಮಾಡ್ಲಿ ಕೇಳು ಅವರಿಗೆ. ಮುದ್ದಿಪಲ್ಯ ಮಾಡ್ಲೇನು?" ಎಂದಳು.

"ಹೂಂ," ಎಂದೆ, ಆ ಖಾಲಿ ಕೋಣೆಯಲ್ಲಿ, ಗಟ್ಟಿಯಾಗಿ. "ಮಾಡು."

ಉಸಿರು ಹೊರಗೆ ಬಂತು. ದೀಪ ಹತ್ತಿತು.